ಹುಷಾರಿಲ್ಲದ್ದು ನನಗೆ

ಪ್ರೀತಿಯ ಅಪ್ಪ,

ನೀನು ಊರಿಗೆ ಹೋದಮೇಲೆ ಮನೆ ಬಿಕೋ ಎನ್ನುತ್ತಿದೆ. ಇವರು ಲಾರಿ ತೆಗೆದುಕೊಂಡು ಹೋಗಿದ್ದಾರೆ, ಬರುವುದು ವಾರವಾಗಬಹುದು. ಫೋನಿನಲ್ಲಿ ಇದೆಲ್ಲ ಹೇಳಲಾಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೆರಿಗೆಯಾದಮೇಲೆ ಮನೆ ತುಂಬ ಜನ ಬಂದರು. ಮೂಗು ಯಾರದು, ಬಣ್ಣ ಯಾರದು ಎಂದು ಅವರವರಲ್ಲೇ ವಾದ. ನನಗೆ ಮಾತ್ರ ಯಾರೋ ತಮ್ಮ ಮಗುವನ್ನು ನೋಡಿಕೊಳ್ಳಲು ಕೊಟ್ಟು, ಮರೆತು ಹೋದಂತಿತ್ತು. ಹಾಲೂಡಿಸುತ್ತಿದ್ದೆ, ಬಟ್ಟೆ ಬದಲಿಸುತ್ತಿದ್ದೆ. ಒಳಗೆ ಏನೂ ಅಲುಗಾಡುತ್ತಿರಲಿಲ್ಲ. ಊರಿಂದ ಬಂದಿದ್ದ ಅತ್ತೆಗೆ ಹೇಳಿದೆ. "ಬಾಣಂತಿ ಅಂದ್ಮೇಲೆ ಇದೆಲ್ಲ ಇದ್ದದ್ದೇ. ನಾವೇನು ಹೆತ್ತಿಲ್ವಾ?" ಎಂದರು. ಇವರು, "ನಿದ್ದೆ ಕಮ್ಮಿ ಆಗಿದೆ ಕಣೇ, ಅಷ್ಟೇ" ಎಂದರು. ಆಮೇಲೆ ಯಾರಿಗೂ ಹೇಳಲಿಲ್ಲ. ಮಗು ಅತ್ತರೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನಾನೂ ಅಳುತ್ತಿದ್ದೆ.

ಅಮ್ಮ ಇಲ್ಲವಲ್ಲ, ಕ್ಷೌರದಂಗಡಿಗೆ ಬೀಗ ಹಾಕಿ ನೀನೇ ಬಂದೆ. ಅಂಗೈಯಲ್ಲಿ ಮಗುವಿನ ತಲೆ ಹಿಡಿದು, "ಇಷ್ಟು ಸಣ್ಣ ಗಿರಾಕಿ ಇದೇ ಮೊದಲು" ಎಂದೆ. ನಾನು ಗೋಡೆ ನೋಡುತ್ತಾ ಕೂತಿದ್ದೆ.

ಆ ಮಧ್ಯಾಹ್ನ ನಮ್ಮ ಮೂರನೇ ಮಹಡಿಯ ಕಿಟಕಿಯ ಬಳಿ ನಿಂತಿದ್ದ ನಾನು, "ಅಪ್ಪಾ, ಇದಕ್ಕೆ ಚಿಲಕ ಹಾಕ್ಬಿಡು. ನನಗೆ ನನ್ನ ಮೇಲೇ ನಂಬಿಕೆ ಇಲ್ಲ" ಎಂದೆ. ಬೈಯುತ್ತೀಯ ಎಂದುಕೊಂಡಿದ್ದೆ. ನೀನು ಚಿಲಕ ಹಾಕಿದೆ, ಮಗುವನ್ನು ಹೆಗಲಿಗೆ ಹಾಕಿಕೊಂಡೆ. "ಚಪ್ಪಲಿ ಹಾಕ್ಕೋ, ಹೋಗೋಣ." ಆಸ್ಪತ್ರೆಯಲ್ಲಿ ನರ್ಸ್ ಮಗುವಿಗೆ ಕೈಚಾಚಿ, "ಮಗೂಗೆ ಏನಾಗಿದೆ?" ಎಂದು ಕೇಳಿದಳು. "ಇದು ಚೆನ್ನಾಗಿದೆ ತಾಯಿ. ಹುಷಾರಿಲ್ದೇ ಇರೋದು ನನ್ನ ಮಗೂಗೆ" ಎಂದು ನೀನು ನನ್ನ ಕಡೆ ತೋರಿಸಿದೆ. ಅಷ್ಟು ದಿನಗಳಲ್ಲಿ ಯಾರೋ ಮೊದಲ ಸಲ ನನ್ನನ್ನು ನೋಡಿದ ಹಾಗಾಯಿತು.

ಇದೊಂದು ಕಾಯಿಲೆ, ಮದ್ದೂ ಇದೆ, ನಿನ್ನ ತಪ್ಪಲ್ಲ ಎಂದು ಡಾಕ್ಟರಮ್ಮ ಹೇಳಿದರು. ನಾನು ಸುಧಾರಿಸುವವರೆಗೂ ನೀನು ಅಲ್ಲಾಡಲಿಲ್ಲ. ಮಾತ್ರೆ ತಪ್ಪಿಸಿಲ್ಲ, ಅಪ್ಪ. ಸಂಜೆ ಹೊತ್ತು ಈಗಲೂ ಒಮ್ಮೊಮ್ಮೆ ಎದೆ ಭಾರವಾಗುತ್ತದೆ. ಆಗ ಎದುರುಮನೆಯ ಟೀಚರಮ್ಮನ ಬಾಗಿಲು ತಟ್ಟುತ್ತೇನೆ. ಆದರೂ ವಾಪಸು ಬಂದು ಬೀಗ ತೆಗೆಯುವುದು ನಾನೊಬ್ಬಳೇ.

ಇವತ್ತು ಬೆಳಿಗ್ಗೆ ಮಗಳು ಸೀನಿದಳು. ತನ್ನ ಸೀನಿಗೆ ತಾನೇ ಬೆಚ್ಚಿ, ನಾನೇ ಮಾಡಿದ್ದೆಂಬಂತೆ ನನ್ನನ್ನು ದುರುಗುಟ್ಟಿ ನೋಡಿದಳು. ನನಗೆ ನಗು ಬಂತಪ್ಪ, ತಡೆಯಲಾರದಷ್ಟು. "ಅಪ್ಪಾ, ನೋಡಿದ್ಯಾ ಇವಳನ್ನ!" ಎಂದು ತಿರುಗಿದೆ. ಮನೆಯಲ್ಲಿ ಯಾರೂ ಇರಲಿಲ್ಲ.

ಇದನ್ನು ನಿನಗೆ ಹೇಳಬೇಕಿತ್ತು, ಅಷ್ಟೇ. ಹೊತ್ತಿಗೆ ಸರಿಯಾಗಿ ಊಟ ಮಾಡು. ತಣ್ಣಗಿರು, ನೂರು ಕಾಲ ಇರು.

ಇಂತಿ,
ನಿನ್ನ ಮಗಳು