ಟಿಲ್ಲಿಯ ಎಡಗಿವಿ

ಮೇ ೧೨, ಬುಧವಾರ. ಕೂನಂಬಲ್.

ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ.

ಕಳೆದ ಗುರುವಾರ ಐಲ್ಸಾ ತಮ್ಮ ಕುರಿ ಕಾಯುವ ನಾಯಿ ಟಿಲ್ಲಿಯನ್ನು ನನ್ನ ಪಶು ಆಸ್ಪತ್ರೆಗೆ ತಂದಾಗ ಅವಳ ಎಡಗಿವಿ ದಿಂಬಿನಂತೆ ಊದಿತ್ತು. ಇಂಥ ಕಿವಿ ವಾರಕ್ಕೊಂದಾದರೂ ಬರುತ್ತದೆ. ತುರಿಕೆಗೆ ತಲೆ ಕೊಡವಿ ಕೊಡವಿ ಒಳಗೆ ರಕ್ತನಾಳ ಒಡೆದಿದೆ ಅಂದುಕೊಂಡೆ. ಸೂಜಿ ಹಾಕಿ ರಕ್ತ ತೆಗೆದೆ, ಪಟ್ಟಿ ಕಟ್ಟಿ ಕಳಿಸಿದೆ.

ಇವತ್ತು ಮತ್ತೆ ಬಂದರು. ಕಿವಿ ಮೊದಲಿಗಿಂತ ದಪ್ಪ. ಈ ಸಲ ಸೀಳಿ ಹೊಲಿಯೋಣವೆಂದು ಕೂದಲು ಬೋಳಿಸಿದೆ. ಬ್ಲೇಡು ಗೀರಿದಲ್ಲಿ ಒಸರಿದ ರಕ್ತ ನಿಲ್ಲಲೇ ಇಲ್ಲ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

"ಐಲ್ಸಾ, ಇಲಿಪಾಷಾಣ ಇಟ್ಟಿದ್ದೀರಾ?"

"ಇಡದೆ ಇನ್ನೇನು ಮಾಡ್ಲಿ ಡಾಕ್ಟ್ರೇ? ಹಾಸಿಗೆ ಒಳಗೂ ಇಲಿ ಓಡಾಡ್ತಾವೆ. ಆದ್ರೆ ಇವಳಿಗೆ ಸಿಗದ ಹಾಗೆ ಎತ್ತರದಲ್ಲಿಟ್ಟಿದ್ದೆ."

"ಸತ್ತ ಇಲಿ ತಿಂತಾಳಾ?"

ಐಲ್ಸಾ ಟಿಲ್ಲಿಯ ಬೆನ್ನ ಮೇಲೆ ಕೈಯಿಟ್ಟರು. "ದಿನಾ ತಿಂತಾಳೆ. ಕೈಯಾರೆ ಕೊಂದೆನಲ್ಲಾ," ಅಂದರು.

ಪಾಷಾಣ ತಿಂದ ಇಲಿಯನ್ನು ತಿಂದರೂ ನಾಯಿಯ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಮದ್ದಾದ ವಿಟಮಿನ್ ಕೆ ಚುಚ್ಚಿದೆ, ಆದರೆ ಅದು ಕೆಲಸ ಶುರುಮಾಡಲು ಅರ್ಧ ದಿನವಾದರೂ ಬೇಕು. ಅಲ್ಲಿಯವರೆಗೆ ತಡೆಯಲೆಂದು ನಮ್ಮ ನರ್ಸ್ ಸಾಕಿದ ನಾಯಿಯ ರಕ್ತ ಏರಿಸಿದೆ. ಸಂಜೆ ಹೊತ್ತಿಗೆ ಟಿಲ್ಲಿಯ ಎದೆಯೊಳಗೂ ರಕ್ತ ತುಂಬತೊಡಗಿತ್ತು, ಮೇಲುಸಿರು ಬಿಡುತ್ತಿದ್ದಳು. ಗುರುವಾರವೇ ಚುಚ್ಚಿದ್ದರೆ ಇಷ್ಟು ಹೊತ್ತಿಗೆ ಕುರಿ ಅಟ್ಟುತ್ತಿದ್ದಳು.

ಮನೆಗೆ ಹೋಗಿ ಅಂದರೆ ಐಲ್ಸಾ ಕೇಳದೆ ಪಂಜರದ ಪಕ್ಕ ನೆಲದ ಮೇಲೇ ಕೂತರು.

"ನೀವು ಮಾಡೋದೆಲ್ಲ ಮಾಡಿದ್ರಿ ಡಾಕ್ಟ್ರೇ. ತಪ್ಪು ನಂದೇ."

ಅಲ್ಲ, ನನ್ನದು ಎನ್ನಲು ಬಾಯಿ ತೆರೆದೆ. "ಚಹಾ ತರ್ಲಾ?" ಎಂದು ಕೇಳಿದೆ.