ಮುಬೀನಾಳ ಕಾವಲುಕಣಗಳು

ಹುಬ್ಬಳ್ಳಿ, ಫೆಬ್ರವರಿ ೩೦, ೨೨೧೪

ತಂಗಿ ಫರ್ಜಾನಾ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ದೊಡ್ಡವರು ಸಭೆ ಸೇರಿ ಮಾಡಿದ ಘನಕಾರ್ಯ ಅದು. ನಿಮ್ಮನ್ನು ತಂಗಿ ಎಂದು ಕರೆದದ್ದಕ್ಕೂ ಕ್ಷಮೆ ಇರಲಿ. ವಯಸ್ಸು ನೋಡಿದರೆ ನಾನು ಅರವತ್ತು ದಾಟಿದವಳು, ಹುಟ್ಟಿದ ವರ್ಷ ನೋಡಿದರೆ ನಿಮ್ಮ ಮರಿಮಗಳ ಮರಿಮಗಳಾಗಬೇಕು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತು ಬರೆಯುತ್ತಿದ್ದೇನೆ. ಕೆಲವು ಪದ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ಹಿಂದಿನ ಕಾಲದವರಿಗೆ ಬರೆಯುವ ಓಲೆ. ಮಗುವಿನ ರಕ್ತದ ಕ್ಯಾನ್ಸರ್ ವಾಸಿಯಾದ ಪ್ರತಿಯೊಂದು ಮನೆಯವರೂ ಒಂದನ್ನು ಬರೆಯಬೇಕೆಂಬುದು ನಮ್ಮಲ್ಲಿ ರೂಢಿ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ಕೆಲವು ತಲುಪಿವೆ ಎಂದು ಓಲೆ ಕಳಿಸುವ ಕಚೇರಿಯವರು ಹೇಳುತ್ತಾರೆ. ಕಚೇರಿಯವರು ಏನು ಬೇಕಾದರೂ ಹೇಳುತ್ತಾರೆ ಬಿಡಿ. ಓಲೆಗೆ ನಿಯಮ ಒಂದೇ. ಕೃತಜ್ಞತೆ ಹೇಳಬಹುದು, ಮುಂದೆ ಏನಾಯಿತೆಂದು ಹೇಳಕೂಡದು.

ನನ್ನ ಮೊಮ್ಮಗಳು ತುಂಗಾಳಿಗೆ ಈಗ ಎಂಟು ವರ್ಷ. ಕಳೆದ ವರ್ಷ ಅವಳಿಗೂ ನಿಮ್ಮ ಮಗಳು ಮುಬೀನಾಳಿಗೆ ಬಂದ ಕಾಯಿಲೆಯೇ ಬಂತು. ನಮ್ಮಲ್ಲಿ ಇದಕ್ಕೆ ಆಸ್ಪತ್ರೆ ಸೇರಬೇಕಾಗಿಲ್ಲ. ಬಿಸಿಲೇರಿದ ಮೇಲೆ ಯಾರೂ ಹೊರಗೆ ಕಾಲಿಡುವಂತಿಲ್ಲವಾದ್ದರಿಂದ ಬೆಳಕು ಹರಿಯುತ್ತಲೇ ನೆತ್ತರುಬಂಡಿ ಓಣಿಗೆ ಬರುತ್ತದೆ. ಮಗು ಬೆರಳು ಚಾಚಿದರೆ ಒಂದು ಹನಿ ತೆಗೆದು ಅಲ್ಲೇ ಎಣಿಸಿ ಹೇಳುತ್ತದೆ. ಆ ಒಂದು ಹನಿಗೆ ತುಂಗಾ ಚೀರಾಡಿ ಇಡೀ ಓಣಿಯನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು. ಎಣಿಸುವುದು ಕಾವಲುಕಣಗಳನ್ನು. ನಿಮ್ಮ ವೈದ್ಯರು ಲಿಂಫೋಸೈಟ್ ಎನ್ನುವ, ಮೈಯನ್ನು ಕಾಯುವ ಬಿಳಿ ರಕ್ತಕಣಗಳು ಅವು. ಔಷಧಿ ಕೆಟ್ಟ ಕಣಗಳ ಜೊತೆಗೆ ಇವನ್ನೂ ಹೊಡೆದುಹಾಕುತ್ತದೆ. ಮೊದಲ ತಿಂಗಳ ಚಿಕಿತ್ಸೆ ಮುಗಿಯುವ ಹೊತ್ತಿಗೆ ಇವು ಚೆನ್ನಾಗಿ ಮರಳಿ ಬಂದರೆ ಮುಂದಿನ ಔಷಧಿಯನ್ನು ಹಗುರ ಮಾಡುತ್ತಾರೆ. ಅದಕ್ಕೆ ಕಿರುದಾರಿ ಎಂದು ಹೆಸರು. ಬರದಿದ್ದರೆ ಕಾಯಿಲೆ ತಿರುಗಿ ಬರುವ ಭಯ ಹೆಚ್ಚು, ಆಗ ಬೇರೆಯದೇ ಚಿಕಿತ್ಸೆ. ತುಂಗಾಳ ಕಣಗಳು ಬಂದವು. ಅವಳ ಕೂದಲು ಕೂಡ ಉದುರಲಿಲ್ಲ. ಅಕ್ಕಪಕ್ಕದವರು ಹೋಳಿಗೆ ಮಾಡಿ ತಂದರು, ಅವಳು ಜಂಬದಿಂದ ನಡುಮನೆಯಲ್ಲಿ ಕೂತು ಎಲ್ಲರಿಂದಲೂ ಮುದ್ದು ಮಾಡಿಸಿಕೊಂಡಳು.

ಅದೇ ದಿನ ನಮಗೆ ಜೋಡಿಹೆಸರು ಕೊಟ್ಟರು. ಜೋಡಿಹೆಸರೆಂದರೆ ಹಳೆಯ ಕಾಲದ ಒಂದು ಮಗುವಿನ ಹೆಸರು. ಕಾಯಿಲೆ ಎಲ್ಲ ರೀತಿಯಲ್ಲೂ ನಮ್ಮ ಮಗುವಿಗೆ ಬಂದದ್ದೇ, ಆದರೆ ಕಾವಲುಕಣ ಮರಳಿ ಬಾರದೆ ಹೋದ ಮಗು. ಅಂಥ ಮಕ್ಕಳ ರಕ್ತವನ್ನು ನೋಡಿ ನೋಡಿಯೇ ವೈದ್ಯರು ಈ ಎಣಿಕೆಯನ್ನು ನಂಬುವುದನ್ನು ಕಲಿತದ್ದು. ತುಂಗಾಳಿಗೆ ಬಂದ ಹೆಸರು ಮುಬೀನಾ. ಹೆಸರಿನ ಜೊತೆಗೆ ನಿಮ್ಮ ದನಿಯೂ ಬಂತು. ತಪಾಸಣೆ ಮಾಡಿ ಉಳಿದ ಮುಬೀನಾಳ ರಕ್ತವನ್ನು ಸಂಶೋಧನೆಗೆ ಇಟ್ಟುಕೊಳ್ಳಲೇ ಎಂದು ನಿನ್ನೆ, ಅಂದರೆ ನಿಮ್ಮ ನಿನ್ನೆ, ಡಾಕ್ಟರು ಕೇಳಿದರಲ್ಲ? ನೀವು ಹೇಳಿದ ಮಾತು ಹಾಗೇ ಉಳಿದಿದೆ: "ತಗೋರಿ ಡಾಕ್ಟರೇ. ನಮ್ಮಾಕಿಗೆ ಉಪಯೋಗ ಆಗ್ಲಿಲ್ಲಂದ್ರೂ ಯಾರ ಮನಿ ಕೂಸಿಗರೆ ಆಗಲಿ."

ಆ ಯಾರದೋ ಮನೆ ನಮ್ಮದು, ತಂಗಿ. ನಿಮ್ಮ ದನಿ ಕೇಳಿದ ಮೇಲೆ ತುಂಗಾ ನನ್ನ ಸೆರಗು ಜಗ್ಗಿ, "ಆಯಿ, ಆಕಿ ಆರಾಮ ಆದ್ಲೇನು?" ಎಂದು ಕೇಳಿದಳು. ಆಯಿ ಎಂದರೆ ಅಜ್ಜಿ, ನಾನು. "ಹೋಗ, ಶೇಂಗಾ ಸುಲಿ ಹೋಗ" ಎಂದು ಗದರಿ ಕಳಿಸಿದೆ. ಆಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ.

ಈ ಓಲೆಯನ್ನು ಎರಡು ಸಲ ಬರೆದು ಹರಿದೆ. ಎರಡರಲ್ಲೂ ಬರೀ ಉಪಕಾರ ಸ್ಮರಣೆ, ಒಳ್ಳೊಳ್ಳೆಯ ಮಾತು. ನಿಯಮಕ್ಕೆ ಹೆದರಿ ಹಾಗೆ ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿಯಮಗಳಿಗೆ ನಾನು ಎಂದೂ ಅಷ್ಟು ಮರ್ಯಾದೆ ಕೊಟ್ಟವಳಲ್ಲ. ನನಗಿದ್ದ ಹೆದರಿಕೆಯೇ ಬೇರೆ. ಮುಬೀನಾ ಬದುಕಿಬಿಟ್ಟರೆ ವೈದ್ಯರು ಅವಳಿಂದ ಕಲಿಯಬೇಕಾದದ್ದನ್ನು ಕಲಿಯದೆ ಹೋದಾರು. ಆಗ ಕಿರುದಾರಿ ಇರುತ್ತದೋ ಇಲ್ಲವೋ, ನನ್ನ ತುಂಗಾ ಇರುತ್ತಾಳೋ ಇಲ್ಲವೋ. ಇದನ್ನು ತಿಳಿದೂ ನಾನು ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನಿಮ್ಮ ಮಗಳು ಹೋದರೆ ಹೋಗಲಿ, ನಮ್ಮದು ಉಳಿಯಲಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೆ. ಯಾರ ಮನೆಯ ಕೂಸಿಗಾದರೂ ಆಗಲಿ ಎಂದು ಕೊಟ್ಟವರ ಮುಂದೆ ನಾನು ಮುಖ ಎತ್ತಲಾರೆ.

ಆದ್ದರಿಂದ ಹೇಳಕೂಡದ್ದನ್ನು ಹೇಳುತ್ತಿದ್ದೇನೆ. ಮುಬೀನಾಳ ಕಾವಲುಕಣಗಳು ತೀರ ಕಡಿಮೆ ಇವೆ. ನಿಮ್ಮ ಕಾಲದ ವೈದ್ಯರಿಗೂ ಇದರ ಸುಳಿವಿದೆ, ಆದರೆ ಎಲ್ಲರೂ ಇದನ್ನು ನಿರ್ಧಾರಕ್ಕೆ ತೆಗೆದುಕೊಳ್ಳುವುದಿಲ್ಲ. ನೀವು ಹೆದರಿ ಔಷಧಿ ಬಿಡಿಸಬೇಡಿ, ಆಸ್ಪತ್ರೆ ಬಿಟ್ಟು ಓಡಬೇಡಿ. ನಾಳೆ ಬೆಳಿಗ್ಗೆ ಡಾಕ್ಟರು ಬಂದಾಗ ಕೇಳಿ, "ನಮ್ಮಾಕಿ ಲಿಂಫೋಸೈಟ್ ಎಷ್ಟು ಬಂದಾವ್ರಿ? ಕಡಿಮಿ ಇದ್ರ ಇದೇ ಚಿಕಿತ್ಸಾ ಸಾಕಾಗ್ತದೇನ್ರಿ?" ಎಂದು. ಅವರು ಅವಸರದಲ್ಲಿದ್ದರೆ ಅಡ್ಡ ನಿಂತು ಕೇಳಿ. ಒಬ್ಬರು ಗದರಿದರೆ ಇನ್ನೊಬ್ಬರನ್ನು ಕೇಳಿ. ಉಳಿದೇ ಉಳಿಯುತ್ತಾಳೆಂದು ಮಾತು ಕೊಡಲಾರೆ, ಆದರೆ ಕೇಳದೆ ಇರಬೇಡಿ.

ಓಲೆ ಹಾಕಲು ಕಚೇರಿಗೆ ತಾನೂ ಬರುತ್ತೇನೆಂದು ತುಂಗಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಬೇಡವೆಂದರೆ ಕೇಳುವ ಹುಡುಗಿಯಲ್ಲ. ಒಂದು ಕೈಯಲ್ಲಿ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನೊಂದರಲ್ಲಿ ಇದನ್ನು ಹಾಕುತ್ತೇನೆ.

ನಿಮ್ಮ ಅಕ್ಕ,
ಚಂಪಾವತಿ