ಸದ್ದು ಮಾಡದ ಟ್ಯೂಬು

ಜುಲೈ ೧೪, ಭಾನುವಾರ

ನಮ್ಮ ಮನೆಯ ನರ್ಸಮ್ಮನಿಗೆ,

ಮೊದಲು ಬೈದು ಮುಗಿಸು, ಆಮೇಲೆ ಓದು. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತವನು ನಾನೇ. ಸೋಮಾರಿತನ ಎಂದುಕೊಳ್ಳಬೇಡ, ಬರೆಯುವುದಕ್ಕೊಂದು ಒಳ್ಳೆಯ ಸುದ್ದಿ ಸಿಗಲಿ ಎಂದು ಕಾಯುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ಮಗಳು ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾಳೆ. ಅವಳ ವಿಷಯ ಅವಳೆದುರೇ ಹೇಗೆ ಆಡಲಿ? ಈಗ ಸುದ್ದಿ ಸಿಕ್ಕಿದೆ ಮಾರಾಯ್ತಿ! ನಮ್ಮ ಬುಗುರಿ ಗಣಿತದ ಪರೀಕ್ಷೆಯನ್ನು ಕೊನೆಯ ಲೆಕ್ಕದವರೆಗೂ ಬರೆದಳು. ಕುರ್ಚಿಯ ಮೇಲೆ ಕೂತು. ಇನ್ನೊಮ್ಮೆ ಓದು, ಕೂತು!

ನೀನು ಕೆಲಸಕ್ಕೆಂದು ಹೊರಟ ವಾರವೇ ಹೆಡ್‌ಮಾಸ್ಟರು ನನ್ನನ್ನು ಕರೆಸಿದ್ದರು. ನಿನಗೆ ಹೇಳಿರಲಿಲ್ಲ. ಹೊಸ ಆಸ್ಪತ್ರೆ, ಹೊಸ ವಾರ್ಡು, ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತೀ ಎಂದು. "ನಿಮ್ಮ ಮಗಳು ಕ್ಲಾಸಲ್ಲಿ ಕೂರೋದೇ ಇಲ್ಲ. ಪರೀಕ್ಷೆ ಹೊತ್ತಿಗಾದ್ರೂ ಕೂತ್ಕೊಳ್ಳೋದು ಕಲೀಲಿ, ಇಲ್ಲಾಂದ್ರೆ ಬೇರೆ ಶಾಲೆ ನೋಡ್ಕೊಳ್ಳಿ" ಎಂದರು. ಡಾಕ್ಟರು ಬರೆದುಕೊಟ್ಟಿದ್ದ ಚೀಟಿ ತೋರಿಸಿದೆ. ಇದಕ್ಕೆ ಎಡಿಎಚ್‌ಡಿ ಅಂತಾರೆ, ತುಂಟತನ ಅಲ್ಲ, ಗಮನವೂ ಮೈಯೂ ಒಂದು ಕಡೆ ನಿಲ್ಲದ ತೊಂದರೆ ಎಂದು ನೀನು ನನಗೆ ಬಿಡಿಸಿ ಹೇಳಿದ್ದನ್ನೇ ಒಪ್ಪಿಸಿದೆ. ಅವರು ಚೀಟಿಯನ್ನು ಮಡಚಿ ವಾಪಸ್ ಕೊಟ್ಟರು. ಅದನ್ನು ಜೇಬಿಗೆ ಹಾಕಿಕೊಂಡು ಬಂದೆ.

ಕಾಪಾಡಿದವರು ಅವಳ ಹೊಸ ಕ್ಲಾಸ್ ಟೀಚರ್. ನೋಡಲು ಕಡ್ಡಿ ಹಾಗಿದ್ದಾರೆ, ದನಿ ಮಾತ್ರ ಲಾರಿ ಹಾರನ್ನು. ಮೊದಲು ಬುಗುರಿಯನ್ನು ಕಿಟಕಿಯ ಪಕ್ಕದಿಂದ ಎಬ್ಬಿಸಿ ಮುಂದಿನ ಸಾಲಿಗೆ ತಂದರು. ಲೆಕ್ಕದ ಹಾಳೆಯನ್ನು ಮಡಚಿ, ಒಂದು ಸಲಕ್ಕೆ ಮೂರೇ ಲೆಕ್ಕ ಕಾಣುವ ಹಾಗೆ ಕೊಡುತ್ತಾರಂತೆ. ಅದು ಮುಗಿದರೆ ಮುಂದಿನ ಮಡಿಕೆ. ಗಮನ ಎಲ್ಲೋ ಹಾರಿದರೆ ಹೆಸರು ಹಿಡಿದು ಕೂಗುವುದಿಲ್ಲ, ಮೇಜಿನ ಮೂಲೆಗೆ ಬೆರಳು ತಾಗಿಸಿ ಸುಮ್ಮನೆ ಮುಂದೆ ಹೋಗುತ್ತಾರೆ. ಬೋರ್ಡು ಒರೆಸುವುದು, ಪುಸ್ತಕ ಹಂಚುವುದು ಎಲ್ಲ ಇವಳದೇ ಉಸ್ತುವಾರಿ. ಮನೆಯಲ್ಲಿ ತಾನು ಕುಡಿದ ಲೋಟ ಎತ್ತಿಡದವಳು ಅಲ್ಲಿ ಡಸ್ಟರ್ ಹಿಡಿದು ಅಧಿಕಾರ ಚಲಾಯಿಸುತ್ತಾಳೆ!

ಆದರೆ ಕಾಲು ಕೇಳಬೇಕಲ್ಲ. ಮೇಜಿಗೆ ಒಂದು ಒದೆ, ಪಕ್ಕದವಳ ಬ್ಯಾಗಿಗೆ ಒಂದು ಒದೆ. ಕೊನೆಗೊಂದು ಸಂಜೆ ಟೀಚರ್ ನಮ್ಮ ಸೈಕಲ್ ಶಾಪಿಗೇ ಬಂದರು. "ಕುರ್ಚಿಯ ಮುಂದಿನ ಎರಡು ಕಾಲಿಗೆ ಅಡ್ಡವಾಗಿ ರಬ್ಬರ್ ಪಟ್ಟಿ ಕಟ್ಟಿದ್ರೆ ಮಕ್ಕಳು ಅದನ್ನ ಒತ್ತುತ್ತಾ ಕೂರ್ತಾರೆ ಅಂತ ಟ್ರೇನಿಂಗಲ್ಲಿ ತೋರಿಸಿದ್ರು. ನಿಮ್ಹತ್ರ ಹಳೇ ಟ್ಯೂಬ್ ಏನಾದ್ರೂ ಇದ್ಯಾ?" ನನ್ನ ಹತ್ತಿರ ಟ್ಯೂಬ್ ಇದೆಯಾ ಎಂದು ಕೇಳಿದರು ನೋಡು!

ಉತ್ಸಾಹದಲ್ಲಿ ಎಡವಟ್ಟು ಮಾಡಿಬಿಟ್ಟೆ. ನನ್ನ ಮಗಳಿಗೆ ಹಳೆಯದೇಕೆ ಎಂದು ಹೊಸ ಟ್ಯೂಬನ್ನೇ ಕತ್ತರಿಸಿದೆ. ಎಲ್ಲವನ್ನೂ ಬಿಗಿದು ಅಭ್ಯಾಸವಾದ ಕೈ, ಅದನ್ನೂ ಎಳೆದು ಬಿಗಿದು ಕಟ್ಟಿತು. ಮರುದಿನ ಕ್ಲಾಸು ಪೂರ್ತಿ ನಿಶ್ಶಬ್ದ, ಬಾಗಿಲಲ್ಲಿ ಹೆಡ್‌ಮಾಸ್ಟರು, ಆಗಲೇ ಇವಳು ಕಾಲು ಆಡಿಸಬೇಕೇ? ಡೊಂಯ್! "ಇದೇನು ಶಾಲೆಯೋ, ವಾದ್ಯದ ಅಂಗಡಿಯೋ?" ಎಂದರಂತೆ. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಬುಗುರಿ ಟ್ಯೂಬನ್ನು ಕಿತ್ತುಕೊಂಡು ಬಂದು ನನ್ನ ಮುಂದೆ ಎಸೆದಳು. "ನಂಗೆ ಬೇಡ ಅಪ್ಪ. ಎಲ್ರೂ ನನ್ನನ್ನೇ ನೋಡ್ತಾರೆ." ಅದೇ ಟ್ಯೂಬಿನಿಂದ ನನಗೆ ನಾನೇ ನಾಲ್ಕು ಬಾರಿಸಿಕೊಳ್ಳೋಣ ಅನ್ನಿಸಿತು.

ಟೀಚರ್ ಮಾತ್ರ ಜಗ್ಗಲಿಲ್ಲ. ಅಂದೇ ಸಂಜೆ ಕ್ಲಾಸಿನ ಕುರ್ಚಿಯನ್ನೇ ಹೊತ್ತುಕೊಂಡು ಶಾಪಿಗೆ ಬಂದರು. ನಾನು ಕಟ್ಟುವುದು, ಅವರು ಕೂತು ಒದೆಯುವುದು. ಪಂಕ್ಚರ್ ಹಾಕಿಸಲು ಬಂದ ಹಾಲಿನವನು ಬಂದ ಕೆಲಸ ಮರೆತು ಬಾಯಿ ಬಿಟ್ಟುಕೊಂಡು ನಿಂತ. ಕೊನೆಗೆ ಸವೆದು ಮೆತ್ತಗಾದ ಟ್ಯೂಬು ತೆಗೆದುಕೊಂಡು, ಸ್ವಲ್ಪ ಸಡಿಲ ಬಿಟ್ಟು, ಕುರ್ಚಿಯ ಕಾಲಿಗೆ ತಾಗುವ ಕಡೆ ಬಟ್ಟೆ ಸುತ್ತಿದೆವು. "ಸದ್ದೇ ಇಲ್ಲ!" ಎಂದು ಟೀಚರ್ ಕೂಗಿದ ಸದ್ದು ಬೀದಿಗೆಲ್ಲ ಕೇಳಿಸಿತು. ಆಮೇಲೆ ಅವರು ಹೇಳಿದ ಮಾತು ಕೇಳು: "ಒಂದಲ್ಲ, ಇನ್ನೂ ಐದಾರು ಮಾಡಿಕೊಡಿ. ಯಾರು ಬೇಕಾದ್ರೂ ಕೂರ್ಲಿ. ಒಬ್ಬಳಿಗೇ ಅಂತ ಇದ್ರೆ ಶಿಕ್ಷೆ ಥರ ಕಾಣ್ಸುತ್ತೆ." ಈಗ ಆ ಕುರ್ಚಿಗಳಿಗೆ ದಿನಾ ಪೈಪೋಟಿ. ತೆಪ್ಪಗೆ ಕೂರುತ್ತಿದ್ದ ಮಕ್ಕಳೂ ಕಾಲು ಆಡಿಸುತ್ತಿದ್ದಾರೆ. ಇವಳನ್ನು ಯಾರೂ ತಿರುಗಿ ನೋಡುವುದಿಲ್ಲ.

ಶುಕ್ರವಾರ ಪರೀಕ್ಷೆ. ಹೆಡ್‌ಮಾಸ್ಟರು ಬೇಕೆಂದೇ ಬಂದು ಹಿಂದೆ ನಿಂತಿದ್ದರಂತೆ. ಬುಗುರಿ ಒಂದು ಮಡಿಕೆ ಮುಗಿಸಿದಳು, ಎದ್ದು ಹೋಗಿ ನೀರು ಕುಡಿದಳು, ಬಂದು ಕೂತಳು, ಮುಂದಿನ ಮಡಿಕೆ ಬಿಡಿಸಿದಳು. ಕೆಳಗೆ ಕಾಲು ಸೈಕಲ್ ತುಳಿಯುತ್ತಿದೆ, ಮೇಲೆ ಕೈ ಬರೆಯುತ್ತಿದೆ! ಅವಳು ಹಾಳೆ ಒಪ್ಪಿಸಿ ಹೊರಗೆ ಹೋದ ಮೇಲೆ ಹೆಡ್‌ಮಾಸ್ಟರು ಟೀಚರಿಗೆ "ಇಲ್ಲೇ ಓದ್ಲಿ ಬಿಡಿ" ಎಂದರಂತೆ. ಟೀಚರ್ ಓಡಿ ಬಂದು ಈ ಸುದ್ದಿ ಹೇಳುವಾಗ ನಾನು ಯಾರದೋ ಚಕ್ರಕ್ಕೆ ಗಾಳಿ ಹಾಕುತ್ತಿದ್ದೆ. ಖುಷಿಯಲ್ಲಿ ಹಾಕುತ್ತಲೇ ಹೋದೆ, ಟ್ಯೂಬು ಢಮಾರ್! ಬೇರೆ ಟ್ಯೂಬು ಪುಕ್ಕಟೆ ಹಾಕಿಕೊಟ್ಟೆ.

ಹಾಗೆಂದು ಮಗಳು ಬೇರೆಯೇ ಆಗಿಬಿಟ್ಟಳು ಎಂದುಕೊಳ್ಳಬೇಡ. ಅವಸರದಲ್ಲಿ ಕಳೆಯಬೇಕಾದ ಕಡೆ ಕೂಡಿದ್ದಾಳೆ. ಅದೇ ದಿನ ಒಂದೇ ಕಾಲಿಗೆ ಶೂ ಹಾಕಿಕೊಂಡು ಮನೆಗೆ ಬಂದಳು. ಇನ್ನೊಂದೆಲ್ಲಿ ಎಂದರೆ ನನಗಿಂತ ಅವಳಿಗೇ ಹೆಚ್ಚು ಆಶ್ಚರ್ಯ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಬೇರೆಯವರ ನೋವು ನೋಡುವ ಭರದಲ್ಲಿ ನಿನ್ನ ಸೊಂಟದ ನೋವು ಮರೆಯಬೇಡ. ನಿನ್ನ ಕೈಗೆ ಬಂದ ರೋಗಿಗಳೆಲ್ಲ ಗುಣವಾಗಿ ಎದ್ದು ಓಡಾಡಲಿ, ನೀನೂ ನೆಮ್ಮದಿಯಾಗಿರು.

ನಿನ್ನ
ಪಂಕ್ಚರ್ ಪಂಡಿತ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆಗೆ ಗೋಂದು ಹಚ್ಚಬೇಕು ಎನ್ನುವಷ್ಟರಲ್ಲಿ ಬುಗುರಿ ಬ್ಯಾಗ್ ಹಾಕಿಕೊಂಡು ಬಂದು ನಿಂತಳು. "ನಾನು ಪೂರ್ತಿ ಕೂತೆ ಅಂತ ಬರ್ದ್ಯಾ ಅಪ್ಪ?" ಬರೆದೆ ಎಂದೆ. "ಹಾಗಾದ್ರೆ ಅಮ್ಮ ಇನ್ನು ವಾಪಸ್ ಬರ್ಬಹುದಲ್ವಾ?" ನೀನು ಹೊರಡುವ ದಿನ ಅವಳು ನಿನ್ನ ಸೂಟ್‌ಕೇಸಿನ ಮೇಲೆ ನೀರು ಚೆಲ್ಲಿದಾಗ "ನಿನ್ ಜೊತೆ ನನ್ ಕೈಲಾಗಲ್ಲ" ಎಂದೆಯಲ್ಲ, ಎಲ್ಲವನ್ನೂ ಮರೆಯುವ ಹುಡುಗಿ ಅದೊಂದನ್ನು ಮರೆತಿಲ್ಲ. "ಅಮ್ಮ ಹೋಗಿದ್ದು ಕೆಲಸಕ್ಕೆ ಪುಟ್ಟಾ, ನಿನ್ನಿಂದ ಅಲ್ಲ" ಎಂದೆ. ಅವಳು ಕಾಲು ಕೂಡ ಅಲ್ಲಾಡಿಸದೆ ನನ್ನ ಮುಖವನ್ನೇ ನೋಡುತ್ತಾ ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ಎಂದೂ ನೋಡಿಲ್ಲ, ಭಯವಾಯಿತು. ನಾನು ಹೇಳಿದ್ದು ನಿಜ ತಾನೇ? ಉತ್ತರ ನನಗೆ ಬೇಡ, ಅವಳಿಗೆ ಬರೆ. ಮೂರೇ ಸಾಲು ಬರೆ. ಅಷ್ಟನ್ನು ಅವಳು ಕೂತು ಓದುತ್ತಾಳೆ.